"ನಮ್ಮ ಹುಡುಗ ಅಲ್ಲೇ ಇರುತ್ತಾನೆ ಸಾರ್": ಅಮ್ಮನನ್ನು ಒಬ್ಬಳೇ ವಿದೇಶಕ್ಕೆ ಕಳಿಸುವವರು ದಯವಿಟ್ಟು ಓದಿ

ಕೋಪ ಇಳಿದ ಮೇಲೆ ಬರೆಯೋಣ ಎಂದು ಹನ್ನೆರಡು ದಿನ ಕಾದೆ. ಇಳಿಯಲಿಲ್ಲ. ಹಾಗಾಗಿ ಇದ್ದ ಹಾಗೆಯೇ ಬರೆಯುತ್ತಿದ್ದೇನೆ. ಹಿಂದುಮುಂದಾಗಿದ್ದರೆ ನೀವೇ ಹೊಂದಿಸಿಕೊಳ್ಳಿ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಅಮ್ಮನಿಗೆ ಅರವತ್ತೆರಡು ವರ್ಷ, ಮೊಣಕಾಲು ನೋವು. ಓದಿದ್ದು ಏಳನೇ ತರಗತಿ. ಕನ್ನಡ ಪತ್ರಿಕೆಯನ್ನು ಶ್ರದ್ಧಾಂಜಲಿ ಜಾಹೀರಾತಿನ ಸಮೇತ ಓದಿ ಮುಗಿಸುತ್ತಾಳೆ. ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯುತ್ತಾಳೆ, ಅಷ್ಟೇ. ಹಿಂದಿ ಇಲ್ಲವೇ ಇಲ್ಲ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಿಂದ 2023ರಲ್ಲೇ ವಿಮಾನ ಹಾರಲು ಶುರುವಾಗಿದ್ದರೂ ಅಮ್ಮ ವಿಮಾನ ನೋಡಿದ್ದು ಅಂಗಳದಲ್ಲಿ ನಿಂತು ತಲೆ ಎತ್ತಿ ಮಾತ್ರ. ತಂಗಿ ಕೆನಡಾದ ಟೊರೊಂಟೊದಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅಮ್ಮನೇ ಹೋಗಬೇಕು. ನನಗೆ ಅಡಿಕೆ ಕೊನೆ ಕೊಯ್ಲು, ಮೇಲಾಗಿ ವೀಸಾ ಇಲ್ಲ. ಅಮ್ಮನ ವೀಸಾವನ್ನು ತಂಗಿಯೇ ಅಲ್ಲಿಂದ ಮಾಡಿಸಿದ್ದಳು. ಟಿಕೆಟ್ ಒಂದು ನನ್ನ ಪಾಲಿಗೆ ಬಂತು. ಆ ಒಂದೇ ಕೆಲಸವನ್ನು ನಾನು ಹಾಳು ಮಾಡಿದೆ.

ಶಿವಮೊಗ್ಗದ ಒಬ್ಬ ಏಜೆಂಟರ ಹತ್ತಿರ ಹೋದೆ. ಹೆಸರು ಹಾಕುತ್ತಿಲ್ಲ, ದೂರಿನ ಕಾಗದ ತಯಾರಾಗುತ್ತಿದೆ. ಒಳ್ಳೆಯ ಮಾತುಗಾರ. ಟೀ ತರಿಸಿದರು. "ಇಂಗ್ಲಿಷ್ ಬರದ ಅಮ್ಮಂದಿರನ್ನು ಕಳಿಸುವುದೇ ನಮ್ಮ ಕೆಲಸ ಸಾರ್. ಬೆಂಗಳೂರಿನಲ್ಲಿ ಒಪ್ಪಿಸಿದರೆ ಮಗಳ ಕೈಗೆ ಮುಟ್ಟಿಸುತ್ತೇವೆ" ಎಂದರು. ಪಾರ್ಸೆಲ್ ಆಫೀಸಿನವರೂ ಇಷ್ಟು ಧೈರ್ಯದಿಂದ ಹೇಳುವುದಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಹೋಗಿಬರುವ ಟಿಕೆಟ್ ಒಂದು ಲಕ್ಷದ ಮೂವತ್ತೆಂಟು ಸಾವಿರ. ಅದರ ಮೇಲೆ "ಸಹಾಯದ ಪ್ಯಾಕೇಜ್" ಎಂದು ಹದಿನೆಂಟು ಸಾವಿರ. ಅದರಲ್ಲಿ ವೀಲ್‌ಚೇರ್‌ಗೆ ನಾಲ್ಕೂವರೆ, ದೆಹಲಿಯಲ್ಲಿ ಹೆಸರಿನ ಫಲಕ ಹಿಡಿದು ನಿಲ್ಲುವ ಹುಡುಗನಿಗೆ ಆರೂವರೆ, ಕಾಲು ಚಾಚಲು ಜಾಗವಿರುವ ಸೀಟಿಗೆ ಎರಡು, ಇನ್ನು "ಇಸಿಆರ್ ಕ್ಲಿಯರೆನ್ಸ್" ಎಂದು ಐದು. "ಅಮ್ಮನವರು ಹತ್ತನೇ ತರಗತಿ ಪಾಸಾಗಿಲ್ಲವಲ್ಲ ಸಾರ್, ಇಮಿಗ್ರೇಷನ್‌ನಲ್ಲಿ ತಡೆಯುತ್ತಾರೆ" ಎಂದು ದನಿ ತಗ್ಗಿಸಿ ಹೇಳಿದರು. ಅಮ್ಮ ಪಕ್ಕದಲ್ಲೇ ಕುಳಿತಿದ್ದಳು. ಓದಿಲ್ಲ ಎಂಬ ಮಾತಿಗೆ ಅವಳು ಸೆರಗು ಸರಿಮಾಡಿಕೊಂಡಳು. ನಾನು ಐದು ಸಾವಿರ ಎಣಿಸಿಕೊಟ್ಟೆ.

ಈಗ ಗೊತ್ತಾಗಿದ್ದು ಕೇಳಿ. ಇಸಿಆರ್ ಎಂಬುದು ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವವರಿಗೆ ಇರುವ ತಪಾಸಣೆ. ಕೆನಡಾ ಆ ಪಟ್ಟಿಯಲ್ಲೇ ಇಲ್ಲ. ಐವತ್ತು ದಾಟಿದವರಿಗೆ ಅದು ಹೇಗೂ ಅನ್ವಯಿಸುವುದಿಲ್ಲ. ಬೇಕಿದ್ದವರಿಗೆ ಪಾಸ್‌ಪೋರ್ಟಿನಲ್ಲೇ ಮುದ್ರೆ ಇರುತ್ತದೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಅಂಥದ್ದೇನೂ ಇಲ್ಲ. ಅಂದರೆ ಆ ಐದು ಸಾವಿರ ಅಮ್ಮನ ಏಳನೇ ತರಗತಿಗೆ ಹಾಕಿದ ದಂಡ.

"ಒಂದೇ ಟಿಕೆಟ್ ತಾನೇ? ಬ್ಯಾಗನ್ನು ಬೆಂಗಳೂರಿನಲ್ಲಿ ಹಾಕಿದರೆ ಟೊರೊಂಟೊದಲ್ಲಿ ಸಿಗುತ್ತದೆ ತಾನೇ?" ಎಂದು ಎರಡು ಸಲ ಕೇಳಿದ್ದೇನೆ. ಎರಡು ಸಲವೂ "ಒಂದೇ ಸಾರ್" ಎಂದಿದ್ದಾರೆ. ಅವರು ಕೊಟ್ಟಿದ್ದು ನಿಜವಾಗಿಯೂ ಒಂದೇ ಹಾಳೆ. ಮೇಲೆ ಅವರದೇ ಅಂಗಡಿಯ ಲಾಂಛನ, ಕೆಳಗೆ ಬೆಂಗಳೂರು–ದೆಹಲಿ, ಅದರ ಕೆಳಗೆ ದೆಹಲಿ–ಟೊರೊಂಟೊ. ಎರಡರ ಪಕ್ಕದಲ್ಲೂ ಸಣ್ಣದಾಗಿ ಆರಾರು ಅಕ್ಷರದ ಪಿಎನ್‌ಆರ್, ಅಂದರೆ ಬುಕಿಂಗ್ ಗುರುತು. ಎರಡೂ ಬೇರೆ ಬೇರೆ. ನಾನು ನೋಡಲಿಲ್ಲ. ನಾನು ಸಹಕಾರ ಸಂಘದಲ್ಲಿ ಗುಮಾಸ್ತ. ಹದಿನಾರು ವರ್ಷಗಳಿಂದ ಬೆಳೆಗಾರರಿಗೆ "ಸಹಿ ಹಾಕುವ ಮುಂಚೆ ಓದಿ ಮಾರಾಯರೇ" ಎಂದು ಗದರುತ್ತಾ ಬಂದವನು. ಇದನ್ನು ಓದಿ ನಮ್ಮ ಸಂಘದ ಸದಸ್ಯರು ನಕ್ಕರೆ ನಗಲಿ.

ಹೊರಟ ದಿನ ದೇವನಹಳ್ಳಿಯಲ್ಲಿ ಮೊದಲ ಎಡವಟ್ಟು. "ವಿದೇಶಕ್ಕೆ ಹೋಗುವವರಿಗೆ ಎರಡನೇ ಟರ್ಮಿನಲ್" ಎಂದು ಏಜೆಂಟರು ಹೇಳಿದ್ದರು. ವಿದೇಶಕ್ಕೆ ನೇರವಾಗಿ ಹಾರುವ ವಿಮಾನಗಳಿಗೆ ಅದು ಸರಿ. ಅಮ್ಮನ ಮೊದಲ ವಿಮಾನ ದೆಹಲಿಯದು, ಒಂದನೇ ಟರ್ಮಿನಲ್‌ನಿಂದ. ಬಾಗಿಲಲ್ಲಿ ಟಿಕೆಟ್ ನೋಡಿದ ಭದ್ರತಾ ಜವಾನರು ಹಿಂದಕ್ಕೆ ಕಳಿಸಿದರು. ಎರಡು ದೊಡ್ಡ ಬ್ಯಾಗ್, ಅಮ್ಮನ ಮೊಣಕಾಲು, ಬಿಸಿಲು. ಆಯಿತು, ಹೋದೆವು. ಟಿಕೆಟ್ ಇಲ್ಲದ ನಾನು ಹೊರಗೇ ಉಳಿದೆ. ಅಮ್ಮ ಗಾಜಿನ ಆಚೆ.

ಹತ್ತು ನಿಮಿಷಕ್ಕೆ ಫೋನ್. ಕೌಂಟರಿನ ಹುಡುಗನೊಬ್ಬ ಕನ್ನಡದವನು, ಪುಣ್ಯ. "ಇದು ದೇಶದೊಳಗಿನ ಟಿಕೆಟ್ ಸಾರ್, ಹದಿನೈದು ಕಿಲೋಗೆ ಮಾತ್ರ ಅವಕಾಶ. ಅಮ್ಮನ ಹತ್ತಿರ ನಲವತ್ತೊಂದು ಕಿಲೋ ಇದೆ. ಮುಂದಿನ ಟಿಕೆಟ್ ಇದೇ ಪಿಎನ್‌ಆರ್‌ನಲ್ಲಿ ಇದ್ದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಬ್ಯಾಗನ್ನು ದೆಹಲಿಯಲ್ಲಿ ಅವರೇ ಇಳಿಸಿಕೊಳ್ಳಬೇಕು" ಎಂದ. ಹೊರಗಿನ ಟಿಕೆಟ್ ಕೌಂಟರಿನಲ್ಲಿ ಹದಿನೈದು ಸಾವಿರದ ಆರುನೂರು ಕಟ್ಟಿದೆ. ಒಣಕೊಬ್ಬರಿ ಬಟ್ಟಲುಗಳನ್ನು ತೆಗೆಸಿದರು. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಬೆಂಕಿ ಹತ್ತುವ ವಸ್ತುವಂತೆ, ವಿಮಾನದಲ್ಲಿ ಬಿಡುವುದಿಲ್ಲ. ಅಂಟಿನುಂಡೆಗೆಂದು ಅಮ್ಮ ಆರಿಸಿ ಆರಿಸಿ ಇಟ್ಟುಕೊಂಡಿದ್ದ ಎರಡು ಕಿಲೋ ಕೊಬ್ಬರಿ ಹೋಯಿತು. "ಮನೆ ಸಾಮಾನು ಏನು ಬೇಕಾದರೂ ಹಾಕಿ ಸಾರ್" ಎಂದವರು ಯಾರು ಎಂದು ಹೇಳಬೇಕಿಲ್ಲ.

"ವೀಲ್‌ಚೇರ್ ಹೇಳಿದೆಯಲ್ಲ?" ಎಂದು ಕೇಳಿದೆ. ಹುಡುಗ ಕಂಪ್ಯೂಟರ್ ನೋಡಿದ. "ಯಾವ ಕೋರಿಕೆಯೂ ಇಲ್ಲ ಸಾರ್. ಇರಲಿ, ನಾನು ತರಿಸುತ್ತೇನೆ."

"ನಾಲ್ಕೂವರೆ ಸಾವಿರ ಕಟ್ಟಿದ್ದೇವೆ ಮಾರಾಯ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಯಾರಿಗೆ ಕಟ್ಟಿದಿರಿ? ನಡೆಯಲು ಆಗದವರಿಗೆ ಇದು ಉಚಿತ."

ಆಗ ನನಗೆ ಹೊಟ್ಟೆಯೊಳಗೆ ಏನೋ ಕಳಚಿ ಬಿದ್ದಂತಾಯಿತು. ಆದರೂ ಮುಂದಿನದನ್ನು ಕೇಳಿ, ಅಷ್ಟಾದ ಮೇಲೂ ನಾನು ಏಜೆಂಟರನ್ನೇ ನಂಬಿದೆ. ಫೋನ್ ಮಾಡಿದರೆ "ಕಂಪ್ಯೂಟರ್ ದೋಷ ಸಾರ್, ದೆಹಲಿಯಲ್ಲಿ ನಮ್ಮ ಹುಡುಗ ಅಲ್ಲೇ ಇರುತ್ತಾನೆ, ನಂಬರ್ ಒನ್ ಹುಡುಗ" ಎಂದರು. ನನಗೂ ನಂಬುವುದು ಬೇಕಿತ್ತು. ಅಮ್ಮ ಆಗಲೇ ಭದ್ರತಾ ತಪಾಸಣೆ ದಾಟಿದ್ದಳು.

ವಿಮಾನ ಎರಡು ಗಂಟೆ ತಡವಾಯಿತು. ತಡವಾಗುವ ಸುದ್ದಿ ಮಧ್ಯಾಹ್ನವೇ ಸಂದೇಶವಾಗಿ ಬಂದಿತ್ತಂತೆ, ಏಜೆಂಟರ ಮೊಬೈಲಿಗೆ. ಟಿಕೆಟಿನಲ್ಲಿ ನಮ್ಮ ನಂಬರ್ ಹಾಕಿರಲೇ ಇಲ್ಲ. ಆಗಲೇ ತಿಳಿದಿದ್ದರೆ ಕೌಂಟರಿನಲ್ಲಿ ಕಾಡಿಬೇಡಿ ಮುಂಚಿನ ವಿಮಾನಕ್ಕೆ ಬದಲಾಯಿಸಿಕೊಳ್ಳಬಹುದಿತ್ತೇನೋ. ನಮಗೆ ಗೊತ್ತಾಗಿದ್ದು "ಇನ್ನೂ ಇಲ್ಲೇ ಕೂರಿಸಿದ್ದಾರೆ ತಮ್ಮಾ" ಎಂದು ಅಮ್ಮ ಹೇಳಿದಾಗ.

ರಾತ್ರಿ ಒಂಬತ್ತೂಕಾಲಿಗೆ ಅಮ್ಮ ದೆಹಲಿಯ ಒಂದನೇ ಟರ್ಮಿನಲ್‌ನಲ್ಲಿ ಇಳಿದಳು. ಟೊರೊಂಟೊ ವಿಮಾನ ಮೂರನೇ ಟರ್ಮಿನಲ್‌ನಿಂದ, ಹನ್ನೆರಡಕ್ಕೆ ಐದು ನಿಮಿಷವಿದ್ದಾಗ. ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ. ಈ ಎರಡು ಟರ್ಮಿನಲ್‌ಗಳು ಅಕ್ಕಪಕ್ಕದ ಕೋಣೆಗಳಲ್ಲ, ನಡುವೆ ಹಲವು ಕಿಲೋಮೀಟರ್ ರಸ್ತೆ ಇದೆ, ವಾಹನದಲ್ಲೇ ಹೋಗಬೇಕು. ಬ್ಯಾಗ್ ಬರುವಾಗ ಒಂಬತ್ತು ಐವತ್ತು. ವೀಲ್‌ಚೇರ್ ತಳ್ಳಿದವನು ಹೊರಬಾಗಿಲಲ್ಲಿ ಇಳಿಸಿ ಹೋದ. ಹುಡುಗ ಇಲ್ಲ.

ನಾನು ಆಗ ತಿಪಟೂರು ದಾಟಿ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದೆ. ಏಜೆಂಟರು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ: "ಬಂದುಬಿಟ್ಟ ಸಾರ್. ಅಮ್ಮನವರು ಅಲ್ಲೇ ನಿಲ್ಲಲಿ, ಕದಲುವುದು ಬೇಡ." ಹತ್ತು ಗಂಟೆ ಐದು ನಿಮಿಷಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಒಬ್ಬ ಹುಡುಗ, ಕೈಯಲ್ಲಿ ಫಲಕ, ಅದರ ಮೇಲೆ ಇಂಗ್ಲಿಷಿನಲ್ಲಿ ಅಮ್ಮನ ಹೆಸರು. "ನೋಡಿ ಸಾರ್, ನಿಂತಿದ್ದಾನೆ." ನನಗೆ ಹೋದ ಜೀವ ಬಂತು. ಅಮ್ಮನಿಗೆ ಫೋನ್ ಮಾಡಿ "ಕದಲಬೇಡ ಅಮ್ಮ, ಹುಡುಗ ಅಲ್ಲೇ ಇದ್ದಾನೆ" ಎಂದೆ. ಹೌದು, ಹೇಳಿದವನು ನಾನು. ಅಮ್ಮ ಕದಲಲಿಲ್ಲ. ಒಂದು ಕಂಬದ ಪಕ್ಕ, ಎರಡು ಬ್ಯಾಗುಗಳ ನಡುವೆ, ಬಂದುಹೋಗುವ ಗಂಡಸರ ಕೈಗಳನ್ನೆಲ್ಲ ನೋಡುತ್ತಾ ನಿಂತಳು. "ಬೋರ್ಡು ಹಿಡಿದವರು ನಾಲ್ಕೈದು ಜನ ಇದ್ದಾರೆ, ನನ್ನ ಹೆಸರು ಯಾವುದರಲ್ಲೂ ಇಲ್ಲ" ಎಂದಳು. ಇಂಗ್ಲಿಷಿನಲ್ಲಿ ಅವಳು ಓದಬಲ್ಲ ಒಂದೇ ಪದ ಅದು.

ಸುಮಾರು ಹತ್ತೂ ಇಪ್ಪತ್ತಕ್ಕೆ ಆ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ಹುಡುಗನ ಹಿಂದೆ ಹಸಿರು ಗೋಡೆ. ಗೋಡೆಯ ಮೇಲೆ ಕ್ಯಾಲೆಂಡರ್. ಕನ್ನಡದ ಕ್ಯಾಲೆಂಡರ್, ಅಡಿಕೆ ಮಂಡಿಯದು. ಅದರ ಕೆಳಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯ ಮೇಲೆ ಮೂರು ಸಲ ಕುಳಿತು ನಾನು ಟೀ ಕುಡಿದಿದ್ದೇನೆ.

ಹುಡುಗ ದೆಹಲಿಯಲ್ಲಿ ಇರಲೇ ಇಲ್ಲ. ಶಿವಮೊಗ್ಗದ ಅಂಗಡಿಯಲ್ಲಿ, ಬಹುಶಃ ದುಡ್ಡು ತೆಗೆದುಕೊಂಡ ದಿನವೇ ತೆಗೆದಿಟ್ಟ ಫೋಟೊ. ಅಂದರೆ ನಾನು ಮುಂದೆ ಹೀಗೆ ಫೋನ್ ಮಾಡುತ್ತೇನೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಇದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ.

ಅಮ್ಮನಿಗೆ "ಪಕ್ಕದಲ್ಲಿರುವ ಯಾರಾದರೂ ಹೆಣ್ಣುಮಗಳ ಕೈಗೆ ಫೋನ್ ಕೊಡು" ಎಂದೆ. ನನ್ನ ಮುರುಕು ಹಿಂದಿ ಕೇಳಿ ಆ ಹುಡುಗಿ ಟ್ಯಾಕ್ಸಿ ಹತ್ತಿಸಿದಳು. ಯಾರೋ ಏನೋ, ಅವಳಿಗೆ ಒಳ್ಳೆಯದಾಗಲಿ. ಮೂರನೇ ಟರ್ಮಿನಲ್ ಬಾಗಿಲಲ್ಲಿ ಸಾಲು. ಕೌಂಟರ್ ಮುಟ್ಟುವಾಗ ಹನ್ನೊಂದು ಐದು. ಮುಚ್ಚಿತ್ತು. ವಿಮಾನ ಇನ್ನೂ ಅಲ್ಲೇ ಇತ್ತು. ವಿಮಾನ ಕಂಪನಿಗೆ ಫೋನ್ ಮಾಡಿದರೆ "ಏಜೆಂಟರು ಮಾಡಿದ ಟಿಕೆಟ್, ಹೊರಡುವ ಮೊದಲು ಅವರೇ ಬದಲಿಸಬೇಕು" ಎಂದರು. ಏಜೆಂಟರಿಗೆ ಹತ್ತೊಂಬತ್ತು ಸಲ ಮಾಡಿದೆ. ಎತ್ತಲಿಲ್ಲ. ಎರಡು ಬೇರೆ ಟಿಕೆಟ್ ಆದ್ದರಿಂದ ಮೊದಲ ವಿಮಾನದವರಿಗೆ ಎರಡನೆಯದರ ಹೊಣೆ ಇಲ್ಲ. ಹಾಜರಾಗಲಿಲ್ಲವೆಂದು ಹೋಗುವ ಪ್ರಯಾಣ ಹೋಯಿತು. ಅದರ ಬೆನ್ನಿಗೆ ಅದೇ ಟಿಕೆಟಿನ ವಾಪಸಾತಿಯೂ ರದ್ದು.

ಅಮ್ಮ ಅಳಲಿಲ್ಲ. "ವಿಮಾನದವರು ಬಿಟ್ಟು ಹೋದರಂತೆ ತಮ್ಮಾ. ನಮ್ಮ ಕೆಂಪು ಬಸ್ಸಿನವನಾದರೆ ಕೈ ಅಡ್ಡ ಹಾಕಿದರೆ ನಿಲ್ಲಿಸುತ್ತಿದ್ದ" ಎಂದಳು. ನಾನು ಅತ್ತೆ, ರಸ್ತೆ ಬದಿಯಲ್ಲಿ, ಡ್ರೈವರ್ ಆಚೆ ಮುಖ ಮಾಡಿಕೊಂಡು ನಿಂತಿದ್ದ.

ನೊಯ್ಡಾದಲ್ಲಿರುವ ನನ್ನ ಹೆಂಡತಿಯ ಚಿಕ್ಕಪ್ಪನ ಮಗ ರಾತ್ರಿ ಒಂದೂವರೆಗೆ ಬಂದು ಕರೆದುಕೊಂಡು ಹೋದ. ಮೂರನೇ ದಿನಕ್ಕೆ ನಾನೇ ವಿಮಾನ ಕಂಪನಿಯಲ್ಲಿ ನೇರವಾಗಿ ಎಪ್ಪತ್ತನಾಲ್ಕು ಸಾವಿರಕ್ಕೆ ಟಿಕೆಟ್ ಮಾಡಿದೆ, ಹೋಗಲು ಮಾತ್ರ. ಫೋನಿನಲ್ಲಿ ಕೇಳಿದ್ದಕ್ಕೆ ವೀಲ್‌ಚೇರ್ ಬರೆದುಕೊಂಡರು. ಪೈಸೆ ಕೇಳಲಿಲ್ಲ. ಅಮ್ಮ ತಲುಪಿದಳು. ಟೊರೊಂಟೊದಲ್ಲಿ ಅಧಿಕಾರಿಯ ಮುಂದೆ ನಿಂತಾಗ ಕೆಲಸಕ್ಕೆ ಬಂದದ್ದು ಹದಿನೆಂಟು ಸಾವಿರದ ಪ್ಯಾಕೇಜ್ ಅಲ್ಲ, ನನ್ನ ಮಗಳು ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಟ್ಟ ಚೀಟಿ. ನನಗೆ ಕನ್ನಡ ಮಾತ್ರ ಬರುತ್ತದೆ, ಮಗಳ ಹೆರಿಗೆಗೆ ಬಂದಿದ್ದೇನೆ, ವಿಳಾಸ ಇದು, ಫೋನ್ ಇದು, ಬ್ಯಾಗಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಲೇಹ್ಯ ಇವೆ ಎಂದು ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ಅವರು ಓದಿ, ತಂಗಿಗೆ ಫೋನ್ ಮಾಡಿ, ಬಿಟ್ಟರು.

ಊರಿಗೆ ಬಂದ ಮರುದಿನ ಅಂಗಡಿಗೆ ಹೋದೆ. ಕ್ಯಾಲೆಂಡರ್ ಅಲ್ಲೇ ಇತ್ತು. ಫೋಟೊ ತೋರಿಸಿದೆ. ಏಜೆಂಟರು ಕನ್ನಡಕ ಹಾಕಿಕೊಂಡು ನೋಡಿ, "ಇದು ಸ್ಯಾಂಪಲ್ ಫೋಟೊ ಸಾರ್" ಎಂದರು. ಸ್ಯಾಂಪಲ್! ಎರಡು ಪಿಎನ್‌ಆರ್ ಯಾಕೆ ಎಂದರೆ, "ಟಿಕೆಟಿನಲ್ಲೇ ಬರೆದಿದೆಯಲ್ಲ, ನೀವು ಓದಿದವರು." ಫೋನ್ ಯಾಕೆ ಎತ್ತಲಿಲ್ಲ ಎಂದರೆ, "ರಾತ್ರಿ ನಾವೂ ಮಲಗಬೇಕಲ್ಲ." ವಿಮಾನ ತಪ್ಪಿದ್ದಕ್ಕೆ, "ಅಮ್ಮನವರು ಸ್ವಲ್ಪ ಚುರುಕಾಗಿದ್ದಿದ್ದರೆ ಸಿಗುತ್ತಿತ್ತು." ಕದಲಬೇಡಿ ಎಂದವರ ಬಾಯಲ್ಲಿ ಈ ಮಾತು! ಎದ್ದು ನಿಂತೆ, ಕೈ ನಡುಗುತ್ತಿತ್ತು. ಆಗ ಗಲ್ಲಾಪೆಟ್ಟಿಗೆಯಿಂದ ಮೂರು ಸಾವಿರ ತೆಗೆದು ಮೇಜಿನ ಮೇಲಿಟ್ಟು, "ಸಂಬಂಧ ಹಾಳಾಗುವುದು ಬೇಡ, ಎಲ್ಲೂ ಬರೆಯಬೇಡಿ" ಎಂದರು. ಮುಟ್ಟಲಿಲ್ಲ. ಬರೆಯುತ್ತಿದ್ದೇನೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಮುಂದೆ ಜಿಲ್ಲಾ ಗ್ರಾಹಕರ ಆಯೋಗ. ಘಟನೆಯಿಂದ ಎರಡು ವರ್ಷದೊಳಗೆ ಹೋಗಬಹುದು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ವಾಟ್ಸ್‌ಆ್ಯಪ್ ಸಂದೇಶ ಒಂದನ್ನೂ ಅಳಿಸಿಲ್ಲ, ನೀವೂ ಅಳಿಸಬೇಡಿ. ಟಿಕೆಟ್ ಕೈಗೆ ಬಂದ ಕೂಡಲೇ ಪಿಎನ್‌ಆರ್ ಒಂದೇ ಇದೆಯೇ ನೋಡಿ, ವಿಮಾನ ಕಂಪನಿಯ ಜಾಲತಾಣದಲ್ಲಿ ಅದನ್ನು ನೀವೇ ಹಾಕಿ ತೆರೆಯಿರಿ, ಸಂಪರ್ಕಕ್ಕೆ ನಿಮ್ಮದೇ ನಂಬರ್ ಇರಲಿ. ವೀಲ್‌ಚೇರ್‌ಗೆ ಎರಡು ದಿನ ಮೊದಲೇ ಕಂಪನಿಗೆ ನೀವೇ ಹೇಳಿ. ಫಲಕ ಹಿಡಿಯುವ ಹುಡುಗನಿಗೆ ದುಡ್ಡು ಕೊಡುವ ಮೊದಲು ಆ ಹುಡುಗನೊಂದಿಗೆ ನೀವೇ ಮಾತನಾಡಿ. ನಮ್ಮಂತೆ ಟೀ ಕುಡಿದು ಎದ್ದು ಬರಬೇಡಿ.

ಅಮ್ಮನ ವಾಪಸಾತಿ ಟಿಕೆಟ್ ಇನ್ನೂ ಆಗಿಲ್ಲ. ನಿನ್ನೆ ಬೆಳಿಗ್ಗೆ ಏಜೆಂಟರ ನಂಬರಿನಿಂದ ಒಂದು ಸಂದೇಶ ಬಂದಿತ್ತು, ಬಹುಶಃ ಎಲ್ಲರಿಗೂ ಒಟ್ಟಿಗೆ ಕಳಿಸಿದ್ದು: "ಟೊರೊಂಟೊ–ಬೆಂಗಳೂರು ಒಳ್ಳೆಯ ದರದಲ್ಲಿ ಲಭ್ಯ. ಹಿರಿಯರಿಗೆ ವಿಶೇಷ ಸಹಾಯ." ಜೊತೆಗೆ ಫೋಟೊ. ಅದೇ ಹುಡುಗ, ಅದೇ ಹಸಿರು ಗೋಡೆ. ಫಲಕದ ಮೇಲೆ ಈಗ ಬೇರೆ ಯಾರದೋ ಅಮ್ಮನ ಹೆಸರಿದೆ.