ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್: ಕೊಳ್ಳುವ ಮೊದಲು ಸಪೋರ್ಟ್ ಬಗ್ಗೆ ಕೇಳಿ

ಶಿವಮೊಗ್ಗ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು ನಾನು. ವರ್ಷಕ್ಕೆ 5 ಕೋಟಿ ರೂಪಾಯಿ ಮೀರಿ ವಹಿವಾಟು ಇರುವವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು) ಕಡ್ಡಾಯವಾಯಿತಲ್ಲ, ಆಗ ನಮ್ಮಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಅಂದಿನಿಂದ ದಿನವೂ ಅದರಲ್ಲೇ ಕೆಲಸ. ಸಾಫ್ಟ್‌ವೇರ್ ಮೇಲೆ ದೊಡ್ಡ ತಕರಾರಿಲ್ಲ. ಬಿಲ್ ಸರಿಯಾಗಿ ಬರುತ್ತದೆ, ತೆರಿಗೆ ಲೆಕ್ಕ ತಪ್ಪುವುದಿಲ್ಲ. ನಾನು ಹೇಳಬೇಕೆಂದಿರುವುದು ವರ್ಷವರ್ಷವೂ ದುಡ್ಡು ಕಟ್ಟಿ ಪಡೆಯುವ ಸಪೋರ್ಟ್ ಬಗ್ಗೆ. ಡೆಮೊ ನೋಡಿ ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ.

ಕಂಪನಿಯವರು ಬಂದು ಹೇಳಿಕೊಟ್ಟದ್ದು ಸಾಹುಕಾರರಿಗೆ ಮತ್ತು ಅವರ ಮಗನಿಗೆ. ತೂಕದ ಹತ್ತಿರ ಕೂತು ಲೆಕ್ಕ ಬರೆದುಕೊಳ್ಳುವ ರೈಟರನ್ನು ಕರೆಯಲಿಲ್ಲ. ತೋರಿಸಿದ್ದು ಸೋಪು, ಬಿಸ್ಕತ್ತಿನ ಬಿಲ್. ಆಗ ಮಳೆಗಾಲ, ಆವಕ ಕಮ್ಮಿ, ಹೇಗೋ ನಡೆಯಿತು. ಕೊಯ್ಲಾಗಿ ಹೊಸ ಅಡಿಕೆ ಬರತೊಡಗಿದ ಮೇಲೆ ಕಷ್ಟ ಶುರುವಾಯಿತು. ಒಬ್ಬರೇ ರೈತರು ರಾಶಿ, ಬೆಟ್ಟೆ, ಗೊರಬಲು ಅಂತ ಮೂರು ಬಗೆಯ ಅಡಿಕೆಯನ್ನೂ ತಂದಿರುತ್ತಾರೆ. ರಾಶಿ ಇವತ್ತೇ ಕೊಡುತ್ತಾರೆ, ಬೆಟ್ಟೆಯನ್ನು ರೇಟು ನೋಡಿಕೊಂಡು ಮಾರೋಣ ಅಂತ ಮಂಡಿಯಲ್ಲೇ ಇಡುತ್ತಾರೆ. ಮಗಳ ಮದುವೆಗೆ ಮುಂಗಡ ಬೇರೆ ತಗೊಂಡಿರುತ್ತಾರೆ. ಆ ಮುಂಗಡವನ್ನು ಯಾವ ಲಾಟಿನಲ್ಲಿ ಎಷ್ಟು ಮುರಿಯಬೇಕು ಎಂಬುದಕ್ಕೆ ತರಬೇತಿಯಲ್ಲಿ ಉತ್ತರ ಇರಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ ಮಾತು, ಆಮೇಲೆ ಒಂದು ಟಿಕೆಟ್ ನಂಬರ್ (ದೂರಿನ ಸಂಖ್ಯೆ). ಸಂಜೆ ಆರಕ್ಕೆ ಅದೂ ಬಂದ್. ನಮ್ಮಲ್ಲಿ ತೂಕ ಮುಗಿದು ಲೆಕ್ಕ ಕೂಡಿಸುವುದು ಅದೇ ಹೊತ್ತಿಗೆ. ಹೊಸನಗರದ ಕಡೆಯವರು ಕೊನೇ ಬಸ್ಸು ಹಿಡಿಯಬೇಕು. ಅವರಿಗೆ ‘ನಾಳೆ ಬನ್ನಿ, ಕಂಪನಿಯವರು ಇನ್ನೂ ಫೋನ್ ಮಾಡಿಲ್ಲ’ ಅಂತ ಹೇಳಲು ಬಾಯಿ ಬರುವುದಿಲ್ಲ. ಅದು ಅವರ ವರ್ಷದ ದುಡಿಮೆ.

ಮುಂದಿನ ಸೀಸನ್ನಿನಲ್ಲಿ ಕಂಪನಿಯವರು ಸಾಗರದ ಕಡೆಯ ಒಬ್ಬ ಹುಡುಗನನ್ನು ಇಲ್ಲಿಗೇ ಅಂತ ನೇಮಿಸಿದರು. ಅಲ್ಲಿಂದ ಎಲ್ಲ ಬದಲಾಯಿತು. ಅವನ ಮನೆಯಲ್ಲೂ ತೋಟ ಇದೆ, ಗೊರಬಲು ಅಂದರೇನು ಅಂತ ಅವನಿಗೆ ವಿವರಿಸಬೇಕಾಗಲಿಲ್ಲ. ಬಂದವನು ಕಂಪ್ಯೂಟರ್ ಮುಟ್ಟುವ ಮೊದಲು ಹಿರಿಯ ರೈಟರ ಪಕ್ಕ ಕೂತು, ‘ಅಣ್ಣಾ, ಪುಸ್ತಕದಲ್ಲಿ ಹೆಂಗೆ ಬರೀತಿದ್ರಿ, ಅದನ್ನ ತೋರ್ಸಿ’ ಅಂದ. ರೈಟರಿಗೆ ರೈತರೆಲ್ಲ ಊರು, ತಂದೆ ಹೆಸರಿನ ಸಮೇತ ಬಾಯಿಪಾಠ. ಸಾಫ್ಟ್‌ವೇರಿಗೆ ಬೇಕಾದ್ದು ಇಂಗ್ಲಿಷ್ ಸ್ಪೆಲ್ಲಿಂಗ್. ಕೃಷ್ಣಮೂರ್ತಿ ಎಂದು ಹುಡುಕಿದರೆ ಎಷ್ಟೋ ಜನ, ಯಾರ ಖಾತೆ ಯಾವುದೆಂದು ತಿಳಿಯುತ್ತಿರಲಿಲ್ಲ. ಹುಡುಗ ಊರು ಮತ್ತು ತಂದೆ ಹೆಸರಿನ ಕಾಲಂ ಹಾಕಿಸಿ, ಕನ್ನಡದಲ್ಲೇ ಹುಡುಕುವಂತೆ ಮಾಡಿಸಿದ. ನಮ್ಮ ಹಳೇ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿತ್ತು. ಹಾಗೇ ತುಂಬಿಸಿದಾಗ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ಅದನ್ನೂ ಪರಿವರ್ತಿಸಿ ಕೊಟ್ಟ. ಕಂಪ್ಯೂಟರ್ ಅಂದರೆ ದೂರ ಸರಿಯುತ್ತಿದ್ದ ನಮ್ಮ ರೈಟರು ಈಗ ತಾವೇ ಹೆಸರು ಹುಡುಕಿ ತೂಕ ತುಂಬಿಸುತ್ತಾರೆ. ನನಗೆ ಇದಕ್ಕಿಂತ ಸಂತೋಷದ ವಿಷಯ ಇನ್ನೊಂದಿಲ್ಲ.

ಇನ್ನೊಂದು ಉಪಕಾರ ಬೇರೆ ಮಂಡಿಯವರಿಗೂ ಗೊತ್ತಿರಲಿ. 50,000 ರೂಪಾಯಿ ಮೀರಿದ ಮಾಲು ಲಾರಿ ಹತ್ತಬೇಕಾದರೆ ಇ-ವೇ ಬಿಲ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ಮಾಡುವ ಸಾಗಣೆ ಚೀಟಿ ಬೇಕು. ಆ ಪೋರ್ಟಲ್‌ಗೆ ಪಾಸ್‌ವರ್ಡ್ ಜೊತೆ ಒಟಿಪಿಯೂ ಕಡ್ಡಾಯವಾದದ್ದು 2025ರಲ್ಲಿ: 20 ಕೋಟಿ ಮೀರಿದವರಿಗೆ ಜನವರಿ 1ರಿಂದ, 5 ಕೋಟಿ ಮೀರಿದವರಿಗೆ ಫೆಬ್ರುವರಿ 1ರಿಂದ, ಉಳಿದವರಿಗೆ ಏಪ್ರಿಲ್ 1ರಿಂದ. ಒಟಿಪಿ ಹೋಗುತ್ತಿದ್ದದ್ದು ಸಾಹುಕಾರರ ಮೊಬೈಲಿಗೆ. ಅವರು ತೀರ್ಥಹಳ್ಳಿ ಕಡೆ ತೋಟದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ, ಇಲ್ಲಿ ಲಾರಿ ನಿಂತೇ ಇದೆ. ಸಹಾಯವಾಣಿಯವರು ‘ಇದು ನಮ್ಮ ಸಾಫ್ಟ್‌ವೇರ್ ಸಮಸ್ಯೆ ಅಲ್ಲ’ ಎಂದು ಟಿಕೆಟ್ ಮುಚ್ಚಿದರು. ಹುಡುಗ ಮಾತ್ರ ಬಂದು, ಪೋರ್ಟಲ್‌ನಲ್ಲೇ ನನ್ನ ನಂಬರಿಗೆ ಬೇರೆ ಸಬ್-ಯೂಸರ್ (ಅದೇ ಖಾತೆಯ ಉಪ-ಲಾಗಿನ್) ಮಾಡಿಸಿದ. ಈಗ ನನ್ನ ಒಟಿಪಿ ನನಗೇ ಬರುತ್ತದೆ. ಜೊತೆಗೆ ಒಟಿಪಿಗೆಂದೇ ಇರುವ ಸರ್ಕಾರದ ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಆ್ಯಪ್ ಹಾಕಿಕೊಟ್ಟ. ಅದು ನೆಟ್‌ವರ್ಕ್ ಇಲ್ಲದೆಯೂ ಒಟಿಪಿ ತೋರಿಸುತ್ತದೆ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನಿನ ಟೈಮ್ ಸರಿಯಾಗಿರಬೇಕು, ಅಷ್ಟೇ. ಆಷಾಢದ ಮಳೆಗೆ ಟವರ್ ಕೈಕೊಡುವ ನಮ್ಮ ಕಡೆಗೆ ಇದು ಬಹಳ ದೊಡ್ಡ ಅನುಕೂಲ.

ಕೊರತೆ ಇನ್ನೂ ಇದೆ. ಹುಡುಗ ರಜೆ ಹೋದರೆ ಮತ್ತೆ ಟಿಕೆಟ್ ನಂಬರ್. ದೂರದಿಂದ ಸ್ಕ್ರೀನ್ ಹಿಡಿದು ಸರಿಮಾಡುವವರು ಏನು ಮಾಡಿದೆವು ಅಂತ ಹೇಳದೆ ಹೋಗುತ್ತಾರೆ. ಅದೇ ತೊಂದರೆ ಇನ್ನೊಮ್ಮೆ ಬಂದರೆ ನಾವು ಮತ್ತೆ ಅವರನ್ನೇ ಕಾಯಬೇಕು. ಅಪ್‌ಡೇಟ್ ಅಂತೂ ಆವಕ ಜೋರಿರುವ ದಿನ ಬೆಳಿಗ್ಗೆಯೇ ಬರುತ್ತದೆ, ಬಟನ್ ಇದ್ದ ಜಾಗದಲ್ಲಿ ಇರುವುದಿಲ್ಲ.

ಸಪೋರ್ಟ್ ಕರಾರು ಮುಂದುವರಿಸೋಣ ಅಂತಲೇ ಸಾಹುಕಾರರಿಗೆ ಹೇಳಿದ್ದೇನೆ. ಆದರೆ ಮೂರು ಮಾತು ಕಾಗದದಲ್ಲಿ ಬರಬೇಕು: ಸೀಸನ್ನಿನಲ್ಲಿ ರಾತ್ರಿ ಎಂಟರವರೆಗೆ ಕನ್ನಡದಲ್ಲಿ ಮಾತಾಡುವವರು ಫೋನ್ ಎತ್ತಬೇಕು, ಹೊಸಬರು ಯಾರೇ ಸೇರಿದರೂ ಅವರಿಗೆ ಅಡಿಕೆ ಬಿಲ್ಲಿನಲ್ಲೇ ತರಬೇತಿ ಕೊಡಬೇಕು, ಅಪ್‌ಡೇಟ್ ಭಾನುವಾರ ಹಾಕಬೇಕು. ಕಂಪನಿಯವರು ಮೊದಲಿನ ಎರಡಕ್ಕೆ ಒಪ್ಪಿದ್ದಾರೆ. ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.