ಗಣಿ ನೀರಿಗೆ ಡಿಜಿಟಲ್ ಟೈಟ್ರೇಟರ್ ಕಿಟ್: ಮೂರು ವರ್ಷ ಬಳಸಿದ ಮೇಲೆ

ಕ್ಷಾರೀಯತೆ (ಆಮ್ಲವನ್ನು ತಣಿಸುವ ನೀರಿನ ಶಕ್ತಿ) ಅಳೆಯುವುದಕ್ಕಾದರೆ ಈ ಕಿಟ್ ಧೈರ್ಯವಾಗಿ ಕೊಳ್ಳಬಹುದು. ಆಮ್ಲೀಯತೆಗೂ (ನೀರನ್ನು ತಣಿಸಲು ಎಷ್ಟು ಕ್ಷಾರ ಬೇಕು ಎಂಬುದಕ್ಕೂ) ಆಗುತ್ತದೆ, ಆದರೆ ಜೊತೆಗೆ ಬರುವ ಕೈಪಿಡಿಯ ವಿಧಾನ ಕಬ್ಬಿಣ ತುಂಬಿದ ಗಣಿ ನೀರಿಗೆ ಹೊಂದುವುದಿಲ್ಲ.

ಉಪಕರಣ ಸರಳ. ಶಕ್ತಿ ಗೊತ್ತಿರುವ ಆಮ್ಲ ಅಥವಾ ಕ್ಷಾರವನ್ನು ಗೊತ್ತಾದ ಪಿಎಚ್ ಬರುವವರೆಗೆ ನೀರಿಗೆ ಸೇರಿಸಿ, ಎಷ್ಟು ಹಿಡಿಯಿತೆಂದು ಅಳೆಯುವುದೇ ಟೈಟ್ರೇಷನ್. ಗುಂಡಿ ತಿರುಗಿಸಿದಂತೆ ಕಾರ್ಟ್ರಿಡ್ಜ್‌ನಿಂದ ದ್ರಾವಣ ಇಳಿಯುತ್ತದೆ, 800 ಅಂಕೆಗೆ 1 ಮಿ.ಲೀ. 0.16 ನಾರ್ಮಲ್ (ದ್ರಾವಣದ ಶಕ್ತಿಯ ಅಳತೆ) ಕಾರ್ಟ್ರಿಡ್ಜ್ ಹಾಕಿ 100 ಮಿ.ಲೀ. ನೀರು ತೆಗೆದುಕೊಂಡರೆ ಒಂದು ಅಂಕೆಗೆ ಲೀಟರಿಗೆ 0.1 ಮಿ.ಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. 50 ಮಿ.ಲೀ. ಆದರೆ 0.2. ಕಾಟ ಕೊಡುವುದು ತುದಿಯ ಕೊಳವೆ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಂಕೆ ಓಡುತ್ತದೆ, ದ್ರಾವಣ ಬೀಳುವುದಿಲ್ಲ. ಪ್ರತಿ ಸಲವೂ ಕೆಲವು ಹನಿ ಹೊರಹಾಕಿ, ತುದಿ ಒರೆಸಿ, ಸೊನ್ನೆಗೆ ತಂದ ಮೇಲೆಯೇ ಶುರು ಮಾಡಬೇಕು.

ಟೈಟ್ರೇಷನ್ ಮುಗಿದದ್ದನ್ನು ಬಣ್ಣ ಬದಲಿಸಿ ತೋರಿಸುವ ಪುಡಿ ಪೊಟ್ಟಣಗಳನ್ನು ನೆಚ್ಚಬೇಡಿ. ಕಬ್ಬಿಣದ ಕೆಂಚು ಗಸಿಯಲ್ಲಿ ಗುಲಾಬಿ ಬಣ್ಣ ಯಾವಾಗ ಮೂಡಿತೆಂದು ಕಾಣುವುದೇ ಇಲ್ಲ. ಪಿಎಚ್ ಮೀಟರ್ ಇಟ್ಟುಕೊಂಡು ಕ್ಷಾರೀಯತೆಗೆ 4.5ರವರೆಗೆ ಇಳಿಸಿ, ಅದೂ ನೀರು ಹಿಡಿದ ಜಾಗದಲ್ಲೇ. ಬಾಟಲಿಯಲ್ಲಿ ಇಟ್ಟಷ್ಟು ಹೊತ್ತೂ ಫೆರಸ್ ಕಬ್ಬಿಣ (ನೀರಿನಲ್ಲಿ ಕರಗಿರುವ, ಇನ್ನೂ ಕೆಂಪಾಗದ ಕಬ್ಬಿಣ) ಗಾಳಿಗೆ ಉತ್ಕರ್ಷಣಗೊಂಡು ಆಮ್ಲ ಬಿಡುತ್ತದೆ, ಅದು ಕ್ಷಾರೀಯತೆಯನ್ನು ತಿಂದುಹಾಕುತ್ತದೆ.

ಜನ ಮೋಸ ಹೋಗುವುದು ಇಲ್ಲೇ. ಪಿಎಚ್ 6.3, ಲೀಟರಿಗೆ ಕ್ಷಾರೀಯತೆ 120, ಫೆರಸ್ ಕಬ್ಬಿಣ 100, ಮ್ಯಾಂಗನೀಸ್ 5 ಮಿ.ಗ್ರಾಂ ಇರುವ ನೀರನ್ನು ನೋಡಿ. ಮೀಟರ್ ನೋಡಿದವರು ಒಳ್ಳೆಯ ನೀರು ಅನ್ನುತ್ತಾರೆ. ಆದರೆ ಒಂದು ಮಿ.ಗ್ರಾಂ ಫೆರಸ್ ಕಬ್ಬಿಣಕ್ಕೆ 1.79, ಮ್ಯಾಂಗನೀಸ್‌ಗೆ 1.82ರಂತೆ ಲೆಕ್ಕ ಹಾಕಿದರೆ ಆಮ್ಲೀಯತೆ 188. ಕ್ಷಾರೀಯತೆ ಕಳೆದ ಮೇಲೂ 68 ಉಳಿಯಿತು. ಕಬ್ಬಿಣವೆಲ್ಲ ಕೆಂಪಾಗಿ ತಳ ಸೇರುವ ಹೊತ್ತಿಗೆ ಈ ನೀರಿನ ಪಿಎಚ್ ಕುಸಿದಿರುತ್ತದೆ.

ಆಮ್ಲೀಯತೆಗೆ ಕೈಪಿಡಿಯಂತೆ ತಣ್ಣಗಿನ ನೀರನ್ನೇ ಪಿಎಚ್ 8.3ಕ್ಕೆ ಟೈಟ್ರೇಟ್ ಮಾಡಿದರೆ ಕರಗಿದ ಇಂಗಾಲದ ಡೈಆಕ್ಸೈಡ್ ಕೂಡ ಆಮ್ಲವೆಂದು ಎಣಿಕೆಯಾಗುತ್ತದೆ. ಕಬ್ಬಿಣ ನಿಧಾನವಾಗಿ ಉತ್ಕರ್ಷಣಗೊಳ್ಳುತ್ತ ಪಿಎಚ್ ಮತ್ತೆ ಮತ್ತೆ ಹಿಂದಕ್ಕೆ ಜಾರುತ್ತದೆ. ಅದಕ್ಕೇ ಬಿಸಿ ಪೆರಾಕ್ಸೈಡ್ ವಿಧಾನ. 50 ಮಿ.ಲೀ. ನೀರಿಗೆ 0.02 ನಾರ್ಮಲ್ ಗಂಧಕಾಮ್ಲವನ್ನು 5 ಮಿ.ಲೀ.ಯಂತೆ ಹಾಕುತ್ತ ಪಿಎಚ್ 4ಕ್ಕಿಂತ ಕೆಳಗಿಳಿಸಿ. 30% ಹೈಡ್ರೋಜನ್ ಪೆರಾಕ್ಸೈಡ್ 5 ಹನಿ ಹಾಕಿ (ಕೈಗವಸು ಬೇಕೇ ಬೇಕು, ಚರ್ಮ ಸುಡುತ್ತದೆ), 2ರಿಂದ 5 ನಿಮಿಷ ಕುದಿಸಿ, ಪೂರ್ತಿ ಆರಿಸಿ, ಸೋಡಿಯಂ ಹೈಡ್ರಾಕ್ಸೈಡ್ ಕಾರ್ಟ್ರಿಡ್ಜ್‌ನಿಂದ 8.2ಕ್ಕೆ ಏರಿಸಿ. ಉಕ್ಕಿ ಚೆಲ್ಲದಂತೆ 250 ಮಿ.ಲೀ. ಬೀಕರ್ ಇರಲಿ.

ಮೇಲಿನ ನೀರಿಗೆ 10 ಮಿ.ಲೀ. ಗಂಧಕಾಮ್ಲ ಹಿಡಿಸಿದೆ ಎನ್ನಿ. 50 ಮಿ.ಲೀ. ನೀರಿಗೆ ಒಂದೊಂದು ಮಿ.ಲೀ.ಯೂ ಲೀಟರಿಗೆ 20 ಮಿ.ಗ್ರಾಂಗೆ ಸಮ, ಅಂದರೆ ಒಟ್ಟು 200. ಟೈಟ್ರೇಟರ್ 1340 ಅಂಕೆ ತೋರಿಸಿದರೆ 268. ಅದರಲ್ಲಿ 200 ಕಳೆದರೆ 68. ಹಾಕಿದ ಆಮ್ಲವನ್ನು ಕಳೆಯುವುದು ಮರೆತರೆ, ಆಮ್ಲ ತಣಿಸಲು ಹಾಕಬೇಕಾದ ಸುಣ್ಣದ ಲೆಕ್ಕ ನಾಲ್ಕು ಪಟ್ಟು ಉಬ್ಬುತ್ತದೆ. ಉತ್ತರ ಋಣ ಸಂಖ್ಯೆಯಾಗಿ ಬಂದರೆ ಸೊನ್ನೆ ಎಂದು ತಿದ್ದಬೇಡಿ, ಆ ನೀರು ನಿಜಕ್ಕೂ ಕ್ಷಾರೀಯ. ಹೀಗೆ ಬಂದ ಅಂಕಿ ನಿವ್ವಳ ಆಮ್ಲೀಯತೆಯೇ (ಕ್ಷಾರೀಯತೆ ಕಳೆದು ಉಳಿದದ್ದೇ) ಆದ್ದರಿಂದ ಅದರಿಂದ ಮತ್ತೆ ಕ್ಷಾರೀಯತೆ ಕಳೆಯಬಾರದು. ವರದಿಗಳಲ್ಲಿ ಈ ತಪ್ಪು ಕಾಣುವಾಗ ಸಂಕಟವಾಗುತ್ತದೆ, ಏಕೆಂದರೆ ಸಂಸ್ಕರಣಾ ಕೊಳದ ಅಳತೆಯೇ ಅದರ ಮೇಲೆ ನಿಂತಿರುತ್ತದೆ.

ಕಿಟ್‌ನ ನಿಜವಾದ ದೌರ್ಬಲ್ಯ ಕ್ಷಾರದ ಕಾರ್ಟ್ರಿಡ್ಜ್. ತೆರೆದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೊರಗುತ್ತದೆ. ಅದನ್ನು ಪರೀಕ್ಷಿಸಲು 0.1021 ಗ್ರಾಂ ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟನ್ನು (ಶಕ್ತಿ ನಿಖರವಾಗಿ ಗೊತ್ತಿರುವ ಆಮ್ಲೀಯ ಲವಣ) ಕುದಿಸಿ ಆರಿಸಿದ ಬಟ್ಟಿ ನೀರಿನಲ್ಲಿ ಕರಗಿಸಿ 250 ಮಿ.ಲೀ. ಮಾಡಿ, ಅದರಲ್ಲಿ 100 ಮಿ.ಲೀ. ಟೈಟ್ರೇಟ್ ಮಾಡಿ. 0.16 ನಾರ್ಮಲ್ ಕಾರ್ಟ್ರಿಡ್ಜ್ ಸರಿಯಿದ್ದರೆ 1000 ಅಂಕೆ ಬರಬೇಕು. 1040 ಬಂದರೆ ಕ್ಷಾರ ಸುಮಾರು 4% ಸೊರಗಿದೆ. ಪೆರಾಕ್ಸೈಡ್‌ನಲ್ಲಿ ಕೆಡದಂತೆ ಬೆರೆಸಿದ ಆಮ್ಲ ಇರಬಹುದು, ಹಾಗಾಗಿ ಬರೀ ಬಟ್ಟಿ ನೀರಿಗೂ ಒಮ್ಮೆ ಇದೇ ಕ್ರಮ ಮಾಡಿ ಬಂದ ಅಂಕಿಯನ್ನು ಕಳೆಯಿರಿ.

ಲೋಹಗಳಿಂದ ಹಾಕಿದ ಲೆಕ್ಕಕ್ಕೂ ಟೈಟ್ರೇಷನ್‌ಗೂ ತಾಳೆಯಾಗದಿದ್ದರೆ ಮೊದಲು ಪಿಎಚ್ ಎಲೆಕ್ಟ್ರೋಡ್ ನೋಡಿ. ಗಾಜಿನ ಬುಡದಲ್ಲಿ ತೆಳ್ಳನೆಯ ಕಿತ್ತಳೆ ಪೊರೆ ಕಂಡರೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಲು ಗಂಟೆ ಅದ್ದಿಟ್ಟು, ತೊಳೆದು, 4, 7, 10ರ ಬಫರ್‌ಗಳಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡಿ.