ವೆಂಟ್‌ವರ್ತ್‌ನ ಹಲಗೆ ಮನೆ: ಉಡುಪಿಯಿಂದ ಹೊರಡುವ ಹಿರಿಯರಿಗೆ

ಮಕ್ಕಳು ಆಸ್ಟ್ರೇಲಿಯಾದ ಮಿಲ್ಡುರಾ ಕಡೆ ಕೆಲಸದಲ್ಲಿದ್ದು, ಅವರನ್ನು ನೋಡಲು ಹೊರಟಿರುವ ಉಡುಪಿ, ಮಂಗಳೂರಿನ ಹಿರಿಯರಿಗೆ ಈ ಬಾಡಿಗೆ ಮನೆಯನ್ನು ಧೈರ್ಯವಾಗಿ ಹೇಳುತ್ತೇನೆ. ಮಗಳ ಮನೆ ಚಿಕ್ಕದು. ಆದ್ದರಿಂದ ಅಲ್ಲಿಂದ ಅರ್ಧ ಗಂಟೆಯ ದಾರಿಯ ವೆಂಟ್‌ವರ್ತ್‌ನಲ್ಲಿ, ಫೆಬ್ರವರಿಯ ಬಿಸಿಲಿನಲ್ಲಿ, ನಾನೂ ನನ್ನ ಹೆಂಡತಿಯೂ ಇದನ್ನು ಹಿಡಿದೆವು.

ಉಡುಪಿಯಲ್ಲಿ ಮನೆ ಕಟ್ಟಿಸುವ ಗುತ್ತಿಗೆಯಲ್ಲೇ ಆಯುಷ್ಯ ಕಳೆದವನು ನಾನು. ಕಣ್ಣು ಮೊದಲು ಹೋದದ್ದು ಬುಡಕ್ಕೆ. ಕಲ್ಲಿನ ಪಂಚಾಂಗವಿಲ್ಲ, ಗಿಡ್ಡ ಮರದ ಕಂಬಗಳ ಮೇಲೆ ಇಡೀ ಮನೆ ಕುಳಿತಿದೆ. ಪ್ರತಿ ಕಂಬದ ತಲೆಗೂ ಅಂಚು ಕೆಳಗೆ ಬಾಗಿದ ತಗಡಿನ ಟೋಪಿ. ಗೆದ್ದಲು ಕಂಬದೊಳಗಿನಿಂದ ಗುಟ್ಟಾಗಿ ತೊಲೆಗೆ ಏರುವಂತಿಲ್ಲ, ತಗಡನ್ನು ಬಳಸಿಕೊಂಡು ಹೊರಗೆ ಮಣ್ಣಿನ ಗೂಡು ಕಟ್ಟಲೇಬೇಕು. ಆಗಾಗ ಬಗ್ಗಿ ನೋಡಿದರೆ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ದಾರಂದವನ್ನು ಒಳಗಿನಿಂದ ತಿಂದು ಮುಗಿಸಿದ ಮೇಲೆ ಗೊತ್ತಾಗುತ್ತದಲ್ಲ, ಆ ಸಂಕಟ ಇಲ್ಲಿಲ್ಲ.

ಗೋಡೆಗೆ ಒಂದರ ಮೇಲೊಂದು ಅಂಚು ಏರಿಸಿದ ಹಲಗೆ, ಮಾಡಿಗೆ ಅಲೆ ತಗಡು, ಮೂರು ಬದಿಗೂ ಜಗಲಿ. ಮಾಡಿನ ಇಳಿಜಾರು ನಮ್ಮ ಹಂಚಿನ ಮಾಡಿಗಿಂತ ತೀರಾ ಕಡಿಮೆ. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ಮುಳುಗಿದಾಗ ಒಂದೇ ದಿನ ಸುರಿದಷ್ಟು ಮಳೆ, ಹೆಚ್ಚುಕಡಿಮೆ, ಅಲ್ಲಿ ವರ್ಷವಿಡೀ ಬೀಳುತ್ತದೆ. ಅದಕ್ಕೇ ಒಂದು ಹನಿಯನ್ನೂ ಬಿಡುವುದಿಲ್ಲ: ದಂಬೆಯ ನೀರೆಲ್ಲ ಹಿತ್ತಿಲಿನ ತಗಡಿನ ಟ್ಯಾಂಕಿಗೆ. ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬಂದರೆ, ಟೊಳ್ಳು ಸದ್ದು ನಿಂತು ಗಟ್ಟಿ ಸದ್ದು ಶುರುವಾಗುವಲ್ಲಿ ನೀರಿನ ಮಟ್ಟ. ನಾಲ್ಕು ತಿಂಗಳು ನೀರನ್ನು ತೋಡಿಗೆ ಬಿಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುವ ನಾವು ಇದನ್ನು ನಿಂತು ನೋಡಬೇಕು.

ಆದರೆ ಆ ಟ್ಯಾಂಕಿನ ಬಾಯಿಯ ಬಲೆ ಹರಿದಿತ್ತು. ಮಲೇರಿಯಾ ಕಂಡ ಕರಾವಳಿಯವನಿಗೆ ಅದು ತಡೆಯುವ ಮಾತಲ್ಲ. ಮನೆಯ ಯಜಮಾನರಿಗೆ ಹೇಳಿದೆ, ಮರುದಿನವೇ ಹೊಸ ಬಲೆ ಹಾಕಿಸಿದರು.

ಮಾಡಿನ ಮೇಲಿನ ನೀರಿನ ಕೂಲರ್ ಬಗ್ಗೆ ಮಾತ್ರ ಯಾರೂ ಏನೂ ಬರೆದಿಟ್ಟಿರಲಿಲ್ಲ. ಎ.ಸಿ.ಯಂತೆ ಕಿಟಕಿ ಬಿಗಿಯಾಗಿ ಮುಚ್ಚಿದರೆ ಅದು ಕೆಲಸ ಮಾಡದು. ಪ್ರತಿ ಕೋಣೆಯ ಕಿಟಕಿಯನ್ನೂ ಒಂದಿಷ್ಟು ತೆರೆದು, ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಕೊಡಬೇಕು. ಮಂಗಳೂರಿನ ಜಿಗುಟು ಸೆಕೆಯಲ್ಲಿ ಇಂಥ ಕೂಲರ್ ಇಟ್ಟರೆ ಮೈ ಇನ್ನಷ್ಟು ಅಂಟುತ್ತದೆ. ಅಲ್ಲಿಯ ಗಾಳಿ ಒಣ, ನೀರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನವೂ ಹೆಂಡತಿ ಚೆನ್ನಾಗಿ ನಿದ್ದೆ ಮಾಡಿದಳು. ಸಂಜೆ ತಗಡು ತಣಿಯುವಾಗ ಟಕ್ ಟಕ್ ಎನ್ನುತ್ತದೆ, ಹೆದರಬೇಡಿ.

ಸುತ್ತಮುತ್ತ ಹೇಳುವುದಾದರೆ, ಮರ್ರಿ ಮತ್ತು ಡಾರ್ಲಿಂಗ್ ನದಿಗಳು ಕೂಡುವ ಜಾಗ ಊರಿನಲ್ಲೇ ಇದೆ. ಎರಡು ನೀರಿನ ಬಣ್ಣ ಬೇರೆ ಎಂಬುದು ದಡದಲ್ಲಿ ನಿಂತರೆ ತಿಳಿಯುತ್ತದೆ. 1956ರ ಮಹಾ ನೆರೆಯಲ್ಲಿ ಫರ್ಗುಸನ್ ಟ್ರ್ಯಾಕ್ಟರ್‌ಗಳಿಂದ ಮಣ್ಣಿನ ಕಟ್ಟೆ ಹಾಕಿ ಊರನ್ನು ಉಳಿಸಿಕೊಂಡವರು ಇವರು. ಆ ಟ್ರ್ಯಾಕ್ಟರಿಗೆ ಸ್ಮಾರಕವನ್ನೇ ಕಟ್ಟಿದ್ದಾರೆ. ಯಂತ್ರಕ್ಕೆ ತೋರಿಸಿದ ಆ ಕೃತಜ್ಞತೆ ನನಗೆ ಬಹಳ ಹಿಡಿಸಿತು. ನದಿ ದಂಡೆಯ ದೊಡ್ಡ ಗಮ್ ಮರಗಳ (ನೀಲಗಿರಿ ಜಾತಿಯವು) ಕೆಳಗೆ ಚಾಪೆ ಹಾಸಬೇಡಿ, ಗಾಳಿ ಇಲ್ಲದಾಗಲೂ ಕೊಂಬೆ ಮುರಿದು ಬೀಳುತ್ತದೆ. ನೊಣದ ಕಾಟ ಬಹಳ.

ಅಡುಗೆಮನೆ ಚೊಕ್ಕ, ಆದರೆ ರುಬ್ಬುವುದಕ್ಕೆ ಏನೂ ಇಲ್ಲ. ಮಕ್ಕಳ ಮನೆಯಿಂದ ಮಿಕ್ಸಿ ತನ್ನಿ, ದಿನಸಿಯನ್ನೂ ಮಿಲ್ಡುರಾದಲ್ಲೇ ಕಟ್ಟಿಸಿಕೊಳ್ಳಿ. ಊರಿನಿಂದ ಕರಿಬೇವು, ಬೀಜ ಒಯ್ಯಲು ಹೋಗಬೇಡಿ, ವಿಮಾನ ನಿಲ್ದಾಣದಲ್ಲಿ ತಪಾಸಣೆ ಬಿಗಿ. ಕಾರು ಓಡಿಸುವವರು ಜೊತೆಗಿಲ್ಲದಿದ್ದರೆ ಈ ಮನೆ ಬೇಡ. ಬೇಸಿಗೆಯಲ್ಲಿ ಹೋದರೆ ಪಡುವಣ ಕೋಣೆ ಬಿಟ್ಟುಬಿಡಿ. ಜೂನ್, ಜುಲೈ ಅಲ್ಲಿ ಚಳಿಗಾಲ, ಸೂರ್ಯ ಉತ್ತರದ ಬಾನಿನಲ್ಲಿರುತ್ತಾನೆ, ಆಗ ಉತ್ತರದ ಕೋಣೆಯನ್ನೇ ಕೇಳಿ ಪಡೆಯಿರಿ.